ಹಳದಿ ಕುರ್ಚಿಯ ಶಿಕಾಗೋ ದರ್ಶನ

ಡೆಲ್ಬರ್ಟ್ ಪ್ರೂಯಿಟ್ ಎಂಬ ಮನುಷ್ಯನಲ್ಲಿ ದೀಪ ಹಿಡಿದು ಹುಡುಕಿದರೂ ಒಂದು ಕೆಟ್ಟ ಗುಣ ಸಿಗುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ದಾರಿಯಲ್ಲಿ ಏನಾದರೂ ಬಿದ್ದಿದ್ದರೆ ಎತ್ತಿ ಜೋಪಾನ ಮಾಡುವುದು, ಯಾರಾದರೂ ನಿಂತಿದ್ದರೆ ತಾನೆದ್ದು ಜಾಗ ಕೊಡುವುದು, ಕಂಡವರ ನಾಯಿಗೂ ಟೋಪಿ ತೆಗೆದು ನಮಸ್ಕಾರ ಹೇಳುವುದು, ಇವೇ ಅವನ ಚಟಗಳು. ಅರಿಝೋನಾದ ಮರುಭೂಮಿಯಲ್ಲಿ, ಪಾಪಾಸುಕಳ್ಳಿಗಳ ನಡುವೆ, ಇಂಥ ಗುಣಗಳಿಂದ ಯಾರಿಗೂ ಕೇಡಿಲ್ಲ. ಆದರೆ ಅವನು ಬಂದಿಳಿದದ್ದು ಜನವರಿ ತಿಂಗಳ ಶಿಕಾಗೋದಲ್ಲಿ, ಮೊಣಕಾಲುದ್ದ ಹಿಮ ಬಿದ್ದ ಮಾರನೆಯ ರಾತ್ರಿ, ಹಳೆಯ ಗೆಳೆಯ ಕ್ಲೆಮ್ ವೊಯ್ಚಿಕ್‌ನ ಮನೆಗೆ.

ಇಬ್ಬರೂ ಒಂದು ಕಾಲದಲ್ಲಿ ಸೈನ್ಯದ ಅಡುಗೆಮನೆಯಲ್ಲಿ ಎದುರುಬದುರು ಕೂತು ಬೆಟ್ಟದಷ್ಟು ಆಲೂಗಡ್ಡೆ ಸುಲಿದವರು. ಹಾಗೆ ಬೆಳೆದ ಸ್ನೇಹಕ್ಕೆ ಸಾವಿಲ್ಲ. ಕ್ಲೆಮ್ ತಡವಾಗಿ ಮದುವೆಯಾದಾಗ ಡೆಲ್ಬರ್ಟ್‌ಗೆ ಬರಲಾಗಿರಲಿಲ್ಲ. ಅವನ ಮೇಕೆ ಅದೇ ವಾರ ಈದಿತ್ತು. ಈಗ ಗೋಡೆಯ ಮೇಲಿನ ಮದುವೆಯ ಫೋಟೋ ನೋಡಿ, "ನಿನ್ನ ಹೆಂಡತಿ ತುಂಬ ಚೆನ್ನಾಗಿದಾಳೆ ಕಣೋ" ಅಂದ. ಫೋಟೋದಲ್ಲಿ ಹೆಂಡತಿ ಮೂಗಿನವರೆಗೂ ಬಿಳಿಯ ಪರದೆಯೇ ಆಗಿದ್ದಳು.

ಆ ಹೆಂಡತಿ, ವಾಂಡಾ, ಮಿಲ್ವಾಕಿಗೆ ಹೋಗಿದ್ದಳು. ಅವಳ ತಾಯಿಗೆ ಹೊಸ ಮೊಣಕಾಲು ಹಾಕಿಸಿ, ಚಳಿಗಾಲ ಮುಗಿಯುವ ತನಕ ಇಲ್ಲೇ ಇಟ್ಟುಕೊಳ್ಳಲು ಕರೆತರುತ್ತಿದ್ದಳು. ಅತ್ತೆ ಬರುವ ಮೊದಲೇ ಅತ್ತೆಯ ಕುರ್ಚಿ ಲಾರಿಯಲ್ಲಿ ಬಂದು ಊಟದ ಮೇಜಿನ ತುದಿಯಲ್ಲಿ ಕೂತಿತ್ತು. ಕರಿಮರದ್ದು, ಎತ್ತರದ ಬೆನ್ನಿನದು, ಕೈಗಳ ತುದಿಯಲ್ಲಿ ಸಿಂಹದ ಮುಖ. ಅಜ್ಜಿಕತೆಯ ರಾಣಿಯೊಬ್ಬಳು ಈಗಷ್ಟೇ ಎದ್ದು ಹೋಗಿದ್ದಾಳೆ, ಈಗ ಬರುತ್ತಾಳೆ ಅನ್ನುವ ಹಾಗಿತ್ತು. ಅದರ ಎದುರು ಜೋರಾಗಿ ಆಕಳಿಸಲೂ ಕ್ಲೆಮ್ ಹೆದರುತ್ತಿದ್ದ.

ಬೆಳಿಗ್ಗೆ ವಾಂಡಾಳ ಫೋನು ಬಂತು.

"ಐದಕ್ಕೆ ಬರ್ತೀವಿ. ಬಾಗಿಲ ಮುಂದೆ ಕಾರು ನಿಲ್ಸೋ ಜಾಗದ ಹಿಮ ಅಗೆದಿದ್ದೀಯ ತಾನೆ?"

"ಬೆನ್ನು ಬಿಲ್ಲಾಗೋ ಹಾಗೆ ಅಗೆದಿದ್ದೀನಿ ವಾಂಡಾ. ನೆಲ ಕಾಣ್ತಿದೆ."

"ನಿನ್ನ ಕಾರು ಅಲ್ಲೇ ಇರ್ಲಿ. ನಾವು ಬಂದಾಗ ತೆಗಿ, ನಾನು ನಿಲ್ಲಿಸ್ತೀನಿ. ಅಲ್ಲೀವರೆಗೂ ಅದನ್ನ ಅಲ್ಲಾಡಿಸ್ಬೇಡ. ಅಮ್ಮ ಈ ಹಿಮದಲ್ಲಿ ಹತ್ತು ಹೆಜ್ಜೆ ಜಾಸ್ತಿ ನಡೆದ್ಲೋ, ನಿನ್ನನ್ನ ಮಿಲ್ವಾಕಿ ತನಕ ನಡೆಸ್ತೀನಿ. ಮತ್ತೆ ಆ ಬ್ಯಾಟರಿ ಬದಲಾಯ್ಸಿದ್ಯಾ?"

"ಅದೂ... ಇವತ್ತು ನಾಳೆ..."

ಫೋನು ಇಟ್ಟಾಯಿತು.

ಕ್ಲೆಮ್‌ನ ಯೋಚನೆ ಸರಿಯಾಗಿಯೇ ಇತ್ತು: ಕಾರು ಬಿಟ್ಟು, ರೈಲಿನಲ್ಲಿ ಹೋಗಿ, ಗೆಳೆಯನಿಗೆ ಊರು ತೋರಿಸಿ ಬರುವುದು. ಆದರೆ ಡೆಲ್ಬರ್ಟ್ ಬಾಗಿಲು ತೆರೆದು ಒಂದು ಉಸಿರು ಎಳೆದುಕೊಂಡವನೇ ಮೂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಕ್ಲೆಮ್, ಸ್ಟೇಷನ್ ತನಕ ನಡೆದ್ರೆ ಇದು ಉದುರೋಗತ್ತೆ ಕಣೋ. ಇದೊಂದೇ ಇರೋದು ನನ್ ಹತ್ರ."

ಗೆಳೆಯನ ಮೂಗಿನ ಪ್ರಶ್ನೆ. ಕ್ಲೆಮ್ ಕರಗಿದ. ಐದರೊಳಗೆ ಬಂದುಬಿಟ್ಟರೆ ವಾಂಡಾಗೆ ಹೇಗೆ ಗೊತ್ತಾಗುತ್ತದೆ? ಅದೂ ಅಲ್ಲದೆ ಕುರ್ಚಿ ಇದೆಯಲ್ಲ!

ಈ ಊರಿನಲ್ಲಿ ಹಿಮ ಅಗೆದವನದೇ ಜಾಗ. ಕಾರು ತೆಗೆದು ಹೊರಟಾಗ ಖಾಲಿ ಜಾಗದಲ್ಲಿ ಮನೆಯ ಒಂದು ಹಳೇ ಕುರ್ಚಿ ಇಟ್ಟು ಹೋದರೆ ಆಯಿತು, ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದ ಹಾಗೆ. ಟವೆಲನ್ನಾದರೂ ಯಾವನೋ ಭಂಡ ಪಕ್ಕಕ್ಕೆ ಸರಿಸಿ ಕೂತಾನು, ಕುರ್ಚಿಯನ್ನು ಮುಟ್ಟುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ. ಕಾನೂನಿನಲ್ಲಿ ಇದು ಎಲ್ಲೂ ಬರೆದಿಲ್ಲ. ಬರೆದ ಕಾನೂನುಗಳನ್ನು ಎಲ್ಲರೂ ಮುರಿಯುತ್ತಾರೆ. ಇದನ್ನು ಮುರಿದವನ ಕಾರಿಗೆ ಮಾತ್ರ ಬೆಳಗಾಗುವುದರೊಳಗೆ ಯಾರೋ ಪುಣ್ಯಾತ್ಮರು ಕೊಡಗಟ್ಟಲೆ ನೀರು ಸುರಿದು ಮಂಜುಗಡ್ಡೆಯ ಗೋರಿ ಕಟ್ಟಿರುತ್ತಾರೆ.

ಕ್ಲೆಮ್ ನೆಲಮಾಳಿಗೆಯಿಂದ ತನ್ನ ಹಳದಿ ಕುರ್ಚಿ ತಂದ. ಅಡುಗೆಮನೆಯಿಂದ ನಿವೃತ್ತಿಯಾದ ಕುರ್ಚಿ ಅದು, ಒಂದು ಕಾಲು ಗಿಡ್ಡ, ಸೀಟಿನ ರೆಕ್ಸಿನ್ ಹರಿದು ಹೊಟ್ಟೆಯೊಳಗಿನ ಹತ್ತಿ ಇಣುಕುತ್ತಿತ್ತು. ಕಾರನ್ನು ಮುಂದೆ ತಂದು ನಿಲ್ಲಿಸಿ, ಕುರ್ಚಿಯನ್ನು ಜಾಗದ ನಟ್ಟನಡುವೆ ಪ್ರತಿಷ್ಠಾಪಿಸಿ, ಕೈಗವಸು ತರಲು ಒಳಗೆ ಹೋದ.

ಅಷ್ಟರಲ್ಲಿ ಡೆಲ್ಬರ್ಟ್ ಹೊರಗೆ ಬಂದ. ರಸ್ತೆಯ ಮಧ್ಯೆ ಅನಾಥವಾಗಿ ನಿಂತ ಕುರ್ಚಿಯನ್ನು ನೋಡಿದ. ಅವನ ಕರುಳು ಚುರ್ ಎಂದಿತು. ಪಾಪ, ಎಲ್ಲಾದರೂ ಕಾರು ಬಂದು ಹೊಡೆದರೆ?

ಕ್ಲೆಮ್ ವಾಪಸು ಬಂದಾಗ ಗೆಳೆಯ ಆಗಲೇ ಕಾರಿನಲ್ಲಿ ಕೂತು ಸೀಟುಬೆಲ್ಟು ಹಾಕಿಕೊಂಡು ನಗುತ್ತಿದ್ದ. ಹಿಂದಿನ ಗಾಜಿಗೆ ಹಿಮ ಮೆತ್ತಿತ್ತು. ಕ್ಲೆಮ್ ಹಿಂದೆ ನೋಡದೆ ಹೊರಟ.

*

ಪೇಟೆಯ ಮಧ್ಯದ ಉದ್ಯಾನದಲ್ಲಿ, ಕನ್ನಡಿಯ ಹಾಗೆ ಹೊಳೆಯುವ, ಅವರೆಕಾಳಿನ ಆಕಾರದ ಮಹಾ ಉಕ್ಕಿನ ಶಿಲ್ಪದ ಮುಂದೆ, ಡೆಲ್ಬರ್ಟ್ ಮಗುವಾಗಿಬಿಟ್ಟ. ಒಂದು ಹೆಜ್ಜೆ ಹಿಂದೆ ಹೋದರೆ ಸೌತೆಕಾಯಿ, ಮುಂದೆ ಬಂದರೆ ಕುಂಬಳಕಾಯಿ. "ನೋಡು ಕ್ಲೆಮ್, ನನಗೆ ಎರಡು ತಲೆ!" ಎಂದು ಕುಣಿಯುತ್ತಿದ್ದಾಗ ಕ್ಲೆಮ್‌ನ ಫೋನು ಹೊಡೆದುಕೊಂಡಿತು. ಪಕ್ಕದ ಮನೆಯ ಮಿಸೆಸ್ ಕ್ರೂಪಾ. ಬೀದಿಯಲ್ಲಿ ಗುಬ್ಬಿ ಸೀನಿದರೂ ಆಕೆಗೆ ಗೊತ್ತಾಗುತ್ತಿತ್ತು.

"ಕ್ಲೆಮ್, ಮಗಾ, ಮನೆ ಖಾಲಿ ಮಾಡ್ಕೊಂಡು ಹೋದ್ಯಾ?"

"ಇಲ್ವಲ್ಲ ಮಿಸೆಸ್ ಕ್ರೂಪಾ. ಯಾಕೆ?"

"ನಿನ್ನ ಜಾಗ ಬೋಳು ತಲೆ ಥರ ಮಿನುಗ್ತಿದೆ. ಕುರ್ಚಿ ಇಲ್ಲ, ಏನಿಲ್ಲ. ಎದುರುಮನೆ ಡೂಲನ್ ಆಗ್ಲೇ ಬಂದು ಸುತ್ತು ಹಾಕಿ, ಮೂಸಿ ನೋಡಿ ಹೋದ."

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುತ್ತಲ್ಲ, ಹಾಗೆ ಕ್ಲೆಮ್‌ನ ಪ್ರಾಣ ಇವತ್ತು ಆ ಗಿಡ್ಡಗಾಲಿನ ಕುರ್ಚಿಯಲ್ಲಿತ್ತು.

"ಅಯ್ಯೋ! ನನ್ನ ಕುರ್ಚಿ ಕದ್ದುಬಿಟ್ರು!"

ಜೇಬು ಕತ್ತರಿಸಿದರು ಎಂದು ಕೂಗಿದ್ದರೆ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕುರ್ಚಿ ಎಂದದ್ದೇ ತಡ, ಉದ್ಯಾನದ ಜನ ಸುತ್ತ ಸೇರಿತು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಕುರ್ಚೀನಾ? ಹಾಡಹಗಲಲ್ಲಾ?" ಅಂದಳು. ಇನ್ನೊಬ್ಬ ತನ್ನ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಪೊಲೀಸಿನವನೊಬ್ಬ ಟೋಪಿ ತೆಗೆದು, "ಎಂಥಾ ಕಾಲ ಬಂತು" ಎಂದು ತಲೆ ಆಡಿಸಿದ.

"ಹಳದೀದಾ?" ಡೆಲ್ಬರ್ಟ್ ಗುಂಪಿನ ನಡುವೆ ನುಸುಳಿ ಬಂದ. ಮುಖದಲ್ಲಿ ದೀಪಾವಳಿ. "ಅದಕ್ಕೆ ಯಾಕೋ ಗಾಬರಿ? ಯಾರೋ ಪಾಪ ರಸ್ತೇಲಿ ಬೀಳಿಸಿಕೊಂಡಿದ್ರು. ನಾನು ಎತ್ತಿ ಕಾರಿನ ಹಿಂದೆ ಭದ್ರವಾಗಿ ಇಟ್ಟಿದ್ದೀನಿ!"

ಪೊಲೀಸಿನವನು ಟೋಪಿಯನ್ನು ಮತ್ತೆ ತಲೆಗೇರಿಸಿ, ಕ್ಲೆಮ್‌ನನ್ನು ಪಕ್ಕಕ್ಕೆ ಕರೆದು ಕೇಳಿದ: "ಯಾವೂರ್ರೀ ಇವರದು?"

"ಅರಿಝೋನಾ."

"ಹೋಗ್ಲಿ ಬಿಡಿ. ಅಲ್ಲಿ ಹಿಮ ಬೀಳಲ್ಲ. ಸಂಸ್ಕಾರ ಎಲ್ಲಿಂದ ಬರ್ಬೇಕು ಪಾಪ."

ಕ್ಲೆಮ್ ಫೋನಿಗೆ ಅಂಗಲಾಚಿದ. "ಮಿಸೆಸ್ ಕ್ರೂಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೈಗೆ ಸಿಕ್ಕಿದ್ದು ಏನಾದ್ರೂ ಅಲ್ಲಿಡಿ. ನಾನು ಈಗ್ಲೇ ಬಂದೆ."

"ನನ್ನ ಇಸ್ತ್ರಿ ಹಲಗೆ ಇಡ್ಲಾ?"

"ಇಡಿ ತಾಯಿ!"

ಓಡಿ ಬಂದು ಕಾರಿನ ಕೀಲಿ ತಿರುಗಿಸಿದರೆ, ಕಾರು ಮುದುಕರ ಹಾಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೊಮ್ಮೆ ತಿರುಗಿಸಿದ. ಕೆಮ್ಮೂ ಇಲ್ಲ. ಇವತ್ತು ನಾಳೆ ಎಂದು ತಳ್ಳಿದ್ದ ಬ್ಯಾಟರಿ ಇವತ್ತನ್ನೇ ಆರಿಸಿಕೊಂಡಿತ್ತು. ಗ್ಯಾರೇಜಿನವನಿಗೆ ಫೋನು ಮಾಡಿದರೆ, ಊರಿನ ಅರ್ಧ ಕಾರುಗಳು ಇದೇ ಕಾಯಿಲೆಯಿಂದ ಮಲಗಿವೆ, ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದ.

ಕಾರು ಹೋದರೆ ಹೋಗಲಿ, ಮೊದಲು ಕುರ್ಚಿ ಮನೆ ಸೇರಬೇಕು. ಕ್ಲೆಮ್ ಹಿಂದಿನ ಬಾಗಿಲು ತೆಗೆದು ಹಳದಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ನಡೆದ. ಡೆಲ್ಬರ್ಟ್ ಮೂಗು ಹಿಡಿದುಕೊಂಡು ಹಿಂದೆ ಓಡಿದ. ಹೀಗೆ ಶುರುವಾಯಿತು ಅವರ ಊರು ನೋಡುವ ಕಾರ್ಯಕ್ರಮ.

ಮೋಡ ಮುಟ್ಟುವ ಗೋಪುರದ ಬುಡದಲ್ಲಿ ದಾಟಿದರು. ಡೆಲ್ಬರ್ಟ್ ಕತ್ತೆತ್ತಿದ್ದಷ್ಟೇ, "ಮೇಲೆ ಆಮೇಲೆ ನೋಡ್ವಂತೆ, ಬಾರೋ!" ಎಂದು ಕ್ಲೆಮ್ ಎಳೆದ. ಗಡ್ಡೆಕಟ್ಟಿದ ನದಿ ದಾಟಿದರು. ಅದನ್ನೂ ಕುರ್ಚಿಯ ಕಾಲುಗಳ ಸಂದಿಯಿಂದಲೇ ನೋಡಬೇಕಾಯಿತು. ಕೊನೆಗೆ ಹಸಿವಿನಿಂದ ಡೆಲ್ಬರ್ಟ್ ಒಂದು ಹಾಟ್‌ಡಾಗ್ ಅಂಗಡಿಯ ಮುಂದೆ ನಿಂತೇಬಿಟ್ಟ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಸುಸ್ತಾದ ಕ್ಲೆಮ್ ಕುರ್ಚಿಯನ್ನು ನೆಲಕ್ಕಿಳಿಸಿದ. ಅಷ್ಟೇ! ಕಿಕ್ಕಿರಿದಿದ್ದ ಜನ ಮಾತಿಲ್ಲದೆ ಹಿಂದೆ ಸರಿದು, ಕುರ್ಚಿಯ ಸುತ್ತ ಸರಿಯಾಗಿ ಒಂದು ಕಾರು ಹಿಡಿಸುವಷ್ಟು ಜಾಗ ಬಿಟ್ಟರು.

"ಇದೇನೋ ಇದು ಮಾಯೆ!" ಡೆಲ್ಬರ್ಟ್ ಬಾಯಿ ತೆರೆದ. ಧೈರ್ಯ ಬಂದು ಕಟ್ಟೆಯ ಹತ್ತಿರ ಹೋಗಿ ಕೇಳಿದ, "ಅಮ್ಮಾ, ನನ್ನ ಹಾಟ್‌ಡಾಗಿಗೆ ಸ್ವಲ್ಪ ಕೆಚಪ್ ಹಾಕ್ತೀರಾ?"

ತಾಳಿ ಕಟ್ಟುವ ಹೊತ್ತಿಗೆ ಯಾರೋ ಸೀನಿದ ಹಾಗಾಯಿತು. ಸಾಸಿವೆ ಚಮಚಗಳು ಗಾಳಿಯಲ್ಲೇ ನಿಂತವು. ಅಂಗಡಿಯಾಕೆ ಡೆಲ್ಬರ್ಟ್‌ನನ್ನು ಬಿಟ್ಟು ಕ್ಲೆಮ್‌ನನ್ನು ಕೇಳಿದಳು, "ಇವರಿಗೆ ವಯಸ್ಸೆಷ್ಟು? ಐದು ದಾಟಿದವರಿಗೆ ನಾವು ಅದನ್ನ ಹಾಕಲ್ಲ."

ಸಾಸಿವೆ ಹಚ್ಚಿದ್ದನ್ನೇ ತಲೆ ತಗ್ಗಿಸಿ ತಿನ್ನುತ್ತಾ ಡೆಲ್ಬರ್ಟ್ ಪಿಸುಗುಟ್ಟಿದ. "ಈ ಊರಲ್ಲಿ ಬರೆಯದೆ ಇರೋ ಕಾನೂನುಗಳೇ ಜಾಸ್ತಿ ಅಲ್ವೇನೋ? ನಂಗೆ ಒಂದೂ ಗೊತ್ತಿಲ್ಲ. ಬೆಳಿಗ್ಗೆಯಿಂದ ನಿನ್ನ ಮಾನ ಕಳೀತಿದ್ದೀನಿ. ಇನ್ಮೇಲೆ ಕಲೀತೀನಿ ನೋಡು."

ಕ್ಲೆಮ್‌ಗೆ ಆ ಮಾತು ಕೇಳಿ ಮನಸ್ಸು ಹಗುರಾಯಿತು. ಪಾಪ, ಮುಂದಿನದು ಅವನಿಗೇನು ಗೊತ್ತು?

*

ಕಂಬಗಳ ಮೇಲೆ ಓಡುವ ರೈಲಿನಲ್ಲೂ ಕುರ್ಚಿಯ ಸುತ್ತ ಜನ ಜಾಗ ಬಿಟ್ಟರು. ಡೆಲ್ಬರ್ಟ್ ಅದರ ಮೇಲೆ ಪಟ್ಟಕ್ಕೇರಿದ ರಾಜನ ಹಾಗೆ ಕೂತ. ಎರಡು ಸ್ಟೇಷನ್ ಕಳೆಯುವುದರಲ್ಲಿ ಒಬ್ಬ ಮುದುಕಿ ಎರಡು ಚೀಲ ಹಿಡಿದು ಹತ್ತಿ, "ಉಸ್ಸಪ್ಪಾ, ನನ್ನ ಕಾಲು" ಅಂದಳು. ಡೆಲ್ಬರ್ಟ್ ಸ್ಪ್ರಿಂಗಿನ ಹಾಗೆ ಎದ್ದ. "ಕೂತ್ಕೊಳ್ಳಿ ತಾಯಿ."

ಮುದುಕಿ ಕೂತಳು. ಚೀಲದಿಂದ ಹೆಣಿಗೆ ತೆಗೆದಳು. ಇವರ ಸ್ಟೇಷನ್ ಬಂತು.

"ತಾಯಿ, ನಾವಿಲ್ಲಿ ಇಳೀಬೇಕು. ಕುರ್ಚಿ..."

"ಇಳೀರಪ್ಪ, ನಾನೇನು ಹಿಡ್ಕೊಂಡಿದ್ದೀನಾ? ನಾನು ಕೊನೇ ಸ್ಟೇಷನ್ ತನಕ ಹೋಗ್ಬೇಕು."

"ಕುರ್ಚಿ ನಮ್ದು ತಾಯಿ."

"ಕೂತಿರೋದು ಯಾರು?"

ಡಬ್ಬಿಯ ಜನವೆಲ್ಲ ಮುದುಕಿಯ ಕಡೆಗೇ ತಲೆದೂಗಿದರು. ಕೊನೆಯ ಸ್ಟೇಷನ್ ತನಕ ಹೋಗಿ, ಅವಳು ಕಾಲ್ಚೀಲದ ಹಿಮ್ಮಡಿ ಮುಗಿಸಿ ಎದ್ದ ಮೇಲೆ, ಕುರ್ಚಿ ಹೊತ್ತುಕೊಂಡು ವಾಪಸು ರೈಲು ಹತ್ತಿದರು. ದಾರಿಯಲ್ಲಿ ಮಿಸೆಸ್ ಕ್ರೂಪಾಳ ಫೋನು ಮತ್ತೆ ಬಂತು. ದನಿ ಬೇರೆಯಾಗಿತ್ತು.

"ಕ್ಲೆಮ್, ಡೂಲನ್ ಏನಂತಾನೆ ಗೊತ್ತಾ? ಯಾರ ಹಲಗೇನೋ ಅವರದೇ ಜಾಗವಂತೆ. ಹಾಗಂದ್ರೆ ಅದು ಈಗ ನಂದು. ನನ್ನ ತಂಗಿ ಮಗ ಟ್ಯಾಡ್ ಊಟಕ್ಕೆ ಬರ್ತಿದ್ದಾನೆ, ಅವನ ಪಿಕಪ್ ನಿಲ್ಸೋಕೆ ಹೇಳ್ಬಿಟ್ಟೆ. ಬೇಜಾರ್ ಮಾಡ್ಕೋಬೇಡ ಮಗಾ."

ಕ್ಲೆಮ್ ಫೋನು ಜೇಬಿಗಿಟ್ಟು ಗೆಳೆಯನ ಎರಡೂ ಭುಜ ಹಿಡಿದುಕೊಂಡ.

"ಡೆಲ್ಬರ್ಟ್, ಕೇಳು. ನೀನು ದೇವರಂಥವನು. ಆದ್ರೆ ದೇವರನ್ನ ಈ ಊರಲ್ಲಿ ಫುಟ್‌ಪಾತಲ್ಲೇ ನಿಲ್ಲಿಸ್ತಾರೆ. ಇವತ್ತಿಂದ ಯಾರು ಬಂದು ಏನು ಹೇಳಿದ್ರೂ ಕುರ್ಚಿ ಬಿಡ್ಬೇಡ. ಅಳ್ತಾರೆ, ಬಿಡ್ಬೇಡ. ಕಾಲು ನೋವು ಅಂತಾರೆ, ನಂಬ್ಬೇಡ. ಎಲ್ಲರಿಗೂ ಕಾಲು ನೋವೇ. ಇದು ನನ್ನ ಮನೆ ಅಂತಾನೂ ಅಂತಾರೆ, ನಾಚಿಕೆ ಇಲ್ಲದವ್ರು!"

ಡೆಲ್ಬರ್ಟ್ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾವು ಸುಲಿದ ಆಲೂಗಡ್ಡೆ ಮೇಲಾಣೆ, ಬಿಡಲ್ಲ."

ಬೀದಿ ತಲುಪಿದಾಗ ಟ್ಯಾಡ್‌ನ ಪಿಕಪ್ಪು, ಮನೆಯೊಂದಕ್ಕೆ ಚಕ್ರ ಹಾಕಿದ ಹಾಗಿದ್ದದ್ದು, ಇಸ್ತ್ರಿ ಹಲಗೆಯ ಮುಂದೆ ಗುರುಗುಟ್ಟುತ್ತಾ ನಿಂತಿತ್ತು. ಮಿಸೆಸ್ ಕ್ರೂಪಾ ಹಲಗೆ ಎತ್ತಲು ಬಗ್ಗಿದ್ದಳು. ಕ್ಲೆಮ್ ಓಡಿ ಬಂದು ಕುರ್ಚಿಯನ್ನು ಹಲಗೆಯ ಪಕ್ಕದಲ್ಲಿ ಊರಿ, "ತಡೀರಿ! ಅಗೆದದ್ದು ನಾನು!" ಅಂದ.

"ಕುರ್ಚಿ ಎಲ್ಲಿತ್ತು ಬೆಳಿಗ್ಗೆಯಿಂದ?" ಟ್ಯಾಡ್ ಗಾಜು ಇಳಿಸಿದ.

"ಊರು ನೋಡೋಕೆ ಹೋಗಿತ್ತು," ಅಂದ ಡೆಲ್ಬರ್ಟ್. ಅವನು ಸುಳ್ಳು ಹೇಳುವವನಲ್ಲ.

ಜಗಳ ಏರಿತು. ಕೊನೆಗೆ ಎಲ್ಲರೂ ತಿರುಗಿದ್ದು ಎದುರುಮನೆಯ ಮ್ಯಾಲಕಿ ಡೂಲನ್ ಕಡೆಗೆ. ಬೆಂಕಿ ಆರಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಬೀದಿಯ ಬೆಂಕಿಗೆ ಗಾಳಿ ಹಾಕುವುದು ಅವನ ಉದ್ಯೋಗ. ಹೋದ ಚಳಿಗಾಲದಲ್ಲಿ ಕ್ಲೆಮ್ ಹಿಮವನ್ನೆಲ್ಲ ತನ್ನ ಕಡೆ ಎಸೆದನೆಂದು ಅವನಿಗೆ ಇನ್ನೂ ಹೊಟ್ಟೆಯಲ್ಲಿ ಕಿಚ್ಚಿತ್ತು. ಹಾಗಿದ್ದರೂ ಕುರ್ಚಿಯ ವಿಷಯದಲ್ಲಿ ಅವನು ಧರ್ಮರಾಯ. ಜಾಗದ ಸುತ್ತ ನಡೆದ, ನೆಲ ಮುಟ್ಟಿ ನೋಡಿದ, ಗಂಟಲು ಸರಿಮಾಡಿಕೊಂಡ.

"ಹಲಗೆ ಅಂದ್ರೆ ಕುರ್ಚಿ ಅಲ್ಲ. ಸುತ್ತಾಡೋಕೆ ಹೋಗಿ ಬಂದ ಕುರ್ಚಿಗೂ ಪೂರ್ತಿ ಹಕ್ಕಿಲ್ಲ. ಆದ್ರೆ ಕುರ್ಚಿ ಮೇಲೆ ಮನುಷ್ಯ ಕೂತಿದ್ರೆ? ಅದಕ್ಕಿಂತ ದೊಡ್ಡದಿಲ್ಲ. ಕತ್ತಲಾಗೋ ತನಕ ಅದರ ಮೇಲೆ ಒಬ್ಬ ಕೂತಿರ್ಬೇಕು. ಅಲ್ಲೀವರೆಗೂ ಕೂತವನ ಮಾತೇ ಕೊನೆ. ನಾನು ಸೇರಿದಂಗೆ ಯಾರೂ ಬಾಯಿ ಹಾಕಂಗಿಲ್ಲ."

ಡೆಲ್ಬರ್ಟ್ ಯಾರೂ ಹೇಳುವ ಮೊದಲೇ ಕೂತ. ಮಿಸೆಸ್ ಕ್ರೂಪಾ ಹಲಗೆ ಕಂಕುಳಲ್ಲಿಟ್ಟು, "ಉಪಕಾರ ಮಾಡಿದ್ದಕ್ಕೆ ಇದೇನಾ!" ಎಂದು ಬಾಗಿಲು ದಢಾರನೆ ಹಾಕಿಕೊಂಡಳು.

ಆಗಲೇ ಗ್ಯಾರೇಜಿನವನ ಫೋನು. ಬ್ಯಾಟರಿ ತಂದಿದ್ದೇನೆ, ಈಗಲೇ ಬಂದರೆ ಸರಿ, ಇಲ್ಲದಿದ್ದರೆ ನಾಳೆ. ಹೌದು, ಬಂದೆ ಎನ್ನುವಷ್ಟರಲ್ಲಿ ಫೋನೂ ಚಳಿಗೆ ಸೋತು ಕಾರಿನ ದಾರಿ ಹಿಡಿಯಿತು. ಕ್ಲೆಮ್ ಲೆಕ್ಕ ಹಾಕಿದ. ವಾಂಡಾ ಬರುವುದು ಐದಕ್ಕೆ. ಅಷ್ಟರೊಳಗೆ ಕಾರು ತಂದು ಹಿಂದಿನ ಬೀದಿಯಲ್ಲಿ ಎಲ್ಲಾದರೂ ತುರುಕಿದರೆ, ಏನೂ ಆಗೇ ಇಲ್ಲ. ಮನೆಯಿಂದ ಮೂರು ರಜಾಯಿ ತಂದು ಗೆಳೆಯನಿಗೆ ಹೊದಿಸಿದ, ಕಿವಿಗೆ ಮಫ್ಲರ್ ಸುತ್ತಿದ, ಮೂಗಿಗೆ ಕಾಲ್ಚೀಲ ತೊಡಿಸಿದ, ಕೈಗೆ ಕಾಫಿಯ ಫ್ಲಾಸ್ಕು ಕೊಟ್ಟ.

"ಹೇಳಿದ್ದು ನೆನಪಿದೆಯಾ?"

"ಯಾರಿಗೂ ಬಿಡಲ್ಲ. ಅತ್ರೂ ಬಿಡಲ್ಲ. ನಿನ್ನ ಹೆಂಡತಿ ಬಂದ್ರೆ?"

"ಅವಳಿಗಿಂತ ಮೊದ್ಲೇ ನಾನಿರ್ತೀನಿ!"

*

ಕ್ಲೆಮ್ ಜೀವ ಬಂದ ಕಾರಿನಲ್ಲಿ ಬೀದಿಗೆ ತಿರುಗಿದಾಗ ಆಕಾಶ ನೇರಳೆಯಾಗುತ್ತಿತ್ತು. ಐದಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ದೂರದಿಂದಲೇ ಕಂಡಿತು: ಜಾಗ ಖಾಲಿ! ನಡುವೆ ಹಳದಿ ಕುರ್ಚಿ, ಕುರ್ಚಿಯ ಮೇಲೆ ರಜಾಯಿಗಳ ಗುಡ್ಡ, ಗುಡ್ಡದ ತುದಿಯಲ್ಲಿ ಕಾಲ್ಚೀಲ. ಕ್ಲೆಮ್‌ಗೆ ಅಳು ಬಂದಂತಾಯಿತು. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಓಡಿಬಂದು ಗುಡ್ಡವನ್ನು ತಬ್ಬಿಕೊಂಡ.

"ಗೆದ್ವಿ ಕಣೋ! ಯಾರಾದ್ರೂ ಬಂದಿದ್ರಾ?"

"ಬಂದಿದ್ರಾ?" ಕಾಲ್ಚೀಲದೊಳಗಿಂದ ಡೆಲ್ಬರ್ಟ್‌ನ ದನಿ ಹೆಮ್ಮೆಯಿಂದ ನಡುಗಿತು. "ಮೊದಲು ಪಿಜ್ಜಾ ತಂದವಳು. ಎರಡೇ ನಿಮಿಷ ಅಂದ್ಲು. ಆಗಲ್ಲ ಅಂದೆ. ಒಂದು ತುಂಡು ಕೊಡ್ತೀನಿ ಅಂದ್ಲು. ಹಸಿವಾಗಿತ್ತು ಕಣೋ, ಆದ್ರೂ ಆಗಲ್ಲ ಅಂದೆ. ಆಮೇಲೆ ಒಬ್ರು ಪಾದ್ರಿ. ಯಾರದೋ ಕೊನೇ ಪ್ರಾರ್ಥನೆಗೆ ಹೋಗ್ಬೇಕಂತೆ. ಫಾದರ್, ಮುಂದಿನ ಬೀದೀಲಿ ನಿಲ್ಸಿ, ದೇವರಿಗೆ ನಡೆಯೋಕಾಗತ್ತೆ ಅಂದೆ."

"ಭಲೇ ನನ್ನ ಗಂಡೇ!"

"ಅದೆಲ್ಲ ಏನೂ ಅಲ್ಲ. ಈಗೊಂದು ಅರ್ಧ ಗಂಟೆ ಮುಂಚೆ ಒಬ್ಳು ಬಂದ್ಲು ನೋಡು, ಭಲೇ ಕಿಲಾಡಿ. ಕಾರು ನಿಲ್ಲಿಸ್ದೋಳೇ ಕುರ್ಚಿ ತೆಗಿ ಅಂದ್ಲು. ಯಾಕೆ ಅಂದೆ. ಏನಂದಿರ್ಬೋದು ಹೇಳು?"

"ಏನಂದ್ಲು?"

"ಇದು ನನ್ನ ಮನೆ ಅಂದ್ಲು ಕಣೋ! ನೀನು ಹೇಳ್ದಂಗೇ! ಒಂದಕ್ಷರ ಆಚೆ ಈಚೆ ಇಲ್ಲ!"

ಕ್ಲೆಮ್‌ನ ತೋಳುಗಳು ಗುಡ್ಡದಿಂದ ಮೆಲ್ಲಗೆ ಜಾರಿದವು.

"ನಾನು ನಗಾಡ್ದೆ. ಹೌದಮ್ಮ, ಇವತ್ತು ಎಲ್ಲರದೂ ಇದೇ ಮನೆ ಅಂದೆ. ಬೀಗದ ಕೈ ತೋರಿಸಿದ್ಲು. ನನ್ನ ಹತ್ರಾನೂ ಒಂದಿದೆ ಅಂತ ನನ್ನ ಮೇಕೆ ಕೊಟ್ಟಿಗೇದು ತೋರಿಸ್ದೆ. ಆಮೇಲೆ ಕ್ಲೆಮ್ ಎಲ್ಲಿ ಅಂದ್ಲು! ಎಷ್ಟು ತಯಾರಾಗಿ ಬಂದಿದ್ಲು ನೋಡು. ಬಾಗಿಲ ಮೇಲೆ ನಿನ್ನ ಹೆಸರಿದೆಯಲ್ಲ, ಓದ್ಕೊಂಡಿರ್ತಾಳೆ. ಕೊನೆಗೆ, ಕೇಳು ಮಜಾ, ಒಬ್ಬ ಮುದುಕೀನ ಬೇರೆ ಜೊತೇಲಿ ಕೂರಿಸ್ಕೊಂಡು ಬಂದಿದ್ಲು. ನಮ್ಮಮ್ಮನ ಮೊಣಕಾಲು ಆಪರೇಷನ್ ಆಗಿದೆ ಅಂತ. ಮುದುಕಿ ಕೋಲು ಆಚೆ ಹಾಕಿ ಯಾವುದೋ ಭಾಷೇಲಿ ನಂಗೆ ಒಂದಿಷ್ಟು ಮಂತ್ರ ಹೇಳಿದ್ಲು. ಒಂದು ಕ್ಷಣ ಕರುಳು ಚುರ್ ಅಂತು ಕ್ಲೆಮ್, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿನ್ನ ಮುಖ ನೆನಪಾಯ್ತು. ನಿನ್ನ ಹೆಂಡತಿ, ಪಾಪ ನಿನ್ನ ಅತ್ತೆ, ಇವರಿಗೋಸ್ಕರ ತಾನೇ ನಾನಿಲ್ಲಿ ಗಡ್ಡೆಕಟ್ಟಿ ಕೂತಿರೋದು? ಎಲ್ಲರಿಗೂ ಕಾಲು ನೋವೇ ಅಜ್ಜೀ, ಮುಂದೆ ಹೋಗಿ ಅಂದ್ಬಿಟ್ಟೆ."

"ಎಲ್ಲಿ... ಎಲ್ಲಿ ನಿಲ್ಲಿಸಿದ್ರು?"

"ಆ ಚರ್ಚಿನಾಚೆ. ಅಲ್ಲಿಂದ ನಡ್ಕೊಂಡು ಬಂದ್ರು, ಮುದುಕಿ ಹೆಜ್ಜೆಗೊಂದು ಸಲ ನಿಂತು ನಂಗೆ ಕೋಲು ತೋರಿಸ್ತಾ. ಎಷ್ಟು ಹಟ ನೋಡು! ಸೀದಾ ನಿನ್ನ ಮನೆ ಮೆಟ್ಟಿಲೇ ಹತ್ತಿದ್ರು. ನನ್ನ ಕೆಲ್ಸ ಜಾಗ ಕಾಯೋದು, ಮನೆ ಕಾಯೋದಲ್ವಲ್ಲ, ಅದಕ್ಕೆ ಸುಮ್ನಿದ್ದೆ."

ಎದುರುಮನೆಯ ಬಾಗಿಲಲ್ಲಿ ಡೂಲನ್ ನಿಂತಿದ್ದ. ಕೈಯಲ್ಲಿ ಚಹಾದ ಲೋಟ, ಮುಖದಲ್ಲಿ ಹೋದ ಚಳಿಗಾಲದ ಹಿಮವೆಲ್ಲ ಕರಗಿದ ತೃಪ್ತಿ.

"ಡೂಲನ್! ನೀವು ನೋಡ್ತಿದ್ರಲ್ಲ! ವಾಂಡಾ ಯಾರು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನಯ್ಯಾ? ಆದ್ರೆ ಕೂತವನ ಮಾತೇ ಕೊನೆ ಅಂತ ತೀರ್ಪು ಕೊಟ್ಟವನೇ ನಾನು. ನಾನೇ ಬಾಯಿ ಹಾಕಿದ್ರೆ ಬೀದೀಲಿ ಧರ್ಮ ಉಳಿಯತ್ತಾ?"

ಕ್ಲೆಮ್ ಮನೆಯ ಕಡೆ ತಿರುಗಿದ. ಒಳಗೆ ದೀಪ ಉರಿಯುತ್ತಿತ್ತು. ಎಲೆಕೋಸಿನ ಸಾರಿನ ವಾಸನೆ ಬೀದಿಗೆ ಬರುತ್ತಿತ್ತು. ಅವನು ಮೂರು ಮೆಟ್ಟಿಲು ಹತ್ತಿದವನು ಅಲ್ಲೇ ಕಲ್ಲಾದ.

ಹೊಸಿಲಿನ ಮುಂದೆ, ಬಾಗಿಲಿಗೆ ಒತ್ತಿಕೊಂಡು, ಅತ್ತೆಯ ಕುರ್ಚಿ ಇತ್ತು. ಕರಿಮರದ್ದು. ಎರಡೂ ಸಿಂಹಗಳು ಅವನನ್ನೇ ನೋಡುತ್ತಿದ್ದವು.

ಕ್ಲೆಮ್‌ನ ಕೈ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವನ ಅಪ್ಪ ಈ ಊರಲ್ಲಿ ಹುಟ್ಟಿದವನು, ಅಜ್ಜ ಈ ಊರಲ್ಲಿ ಹಿಮ ಅಗೆದವನು. ಮಿಸೆಸ್ ಕ್ರೂಪಾಳ ಪರದೆ ಒಂದಿಷ್ಟು ಸರಿಯಿತು. ಡೂಲನ್ ಚಹಾ ಹೀರುವುದನ್ನು ನಿಲ್ಲಿಸಿದ. ಕ್ಲೆಮ್ ಕೈಯನ್ನು ಜೇಬಿಗಿಟ್ಟುಕೊಂಡ.

ಆಗ ಅವನಿಗೆ 'ಅರಿಝೋನಾ' ಎಂದು ಹೊಳೆಯಿತು! ಮೆಟ್ಟಿಲಿಳಿದು ಗೆಳೆಯನ ಬಳಿ ಓಡಿದ.

"ಡೆಲ್ಬರ್ಟ್, ಅಪ್ಪಾ, ಅಲ್ಲಿ ನೋಡು. ಪಾಪ ಯಾರೋ ಒಂದು ಕುರ್ಚಿ ಬಿಟ್ಟು ಹೋಗಿದ್ದಾರೆ. ಸ್ವಲ್ಪ ಎತ್ತಿ ಪಕ್ಕಕ್ಕಿಡ್ತೀಯಾ? ನೀನು ಹೊರಗಿನವನು, ನಿಂಗೇನೂ ಗೊತ್ತಿಲ್ಲ, ನಿನ್ನನ್ನ ಯಾರೂ ಏನೂ ಅನ್ನಲ್ಲ. ಬೆಳಿಗ್ಗೆ ಎತ್ತಿದೆಯಲ್ಲ, ಹಾಗೇ!"

ಡೆಲ್ಬರ್ಟ್ ಮೂಗಿನ ಕಾಲ್ಚೀಲ ತೆಗೆದ. ಮೆಟ್ಟಿಲ ಮೇಲಿನ ಕುರ್ಚಿಯನ್ನು ನೋಡಿದ. ಆಮೇಲೆ ಗೆಳೆಯನನ್ನು ನೋಡಿದ. ಆ ನೋಟದಲ್ಲಿ ಉದ್ಯಾನದ ಪೊಲೀಸಿನವನಿದ್ದ, ಹಾಟ್‌ಡಾಗ್ ಅಂಗಡಿಯಾಕೆ ಇದ್ದಳು, ರೈಲಿನ ಇಡೀ ಡಬ್ಬಿಯ ಜನವಿತ್ತು.

"ಇನ್ನೊಬ್ಬರು ಇಟ್ಟ ಕುರ್ಚಿ ಸರಿಸೋದಾ?" ಅಂದ. "ಛೆ, ಕ್ಲೆಮ್! ನೀನು ಯಾವೂರೋ?"